ಭೀಮರಸನ ಮಾತು, ಕಚೇರಿಯ ಶಿಕ್ಕೆ

ಸನ್ ೧೯೩೮ರ ಬೇಸಿಗೆಯ ಹೊತ್ತಿಗೆ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಈ ನಾಲ್ಕೂ ಸೀಮೆಗಳಲ್ಲಿ “ತಲೆ ಕೊಟ್ಟೇನು, ಮುದ್ರೆ ಕೊಡಲಾರೆ” ಎಂಬ ಮಾತನ್ನು ಆಡದ ಮನುಷ್ಯ ಯಾರೂ ಉಳಿದಿರಲಿಲ್ಲವೆಂದು ಎಲ್ಲರ ಮಾಹಿತಿಗಾಗಿ ಇಲ್ಲಿ ನಮೂದಿಸಲಾಗಿದೆ. ತೊಟ್ಟಿಲಲ್ಲಿರುವ ಕೂಸುಗಳನ್ನು ಇದರಲ್ಲಿ ಹಿಡಿದಿಲ್ಲ. ಅವುಗಳ ಪರವಾಗಿ ತಾಯಂದಿರು ಆಡುತ್ತಿದ್ದರು.

ಮಾತು ನಾಟಕದ್ದು. ಆದರೆ ಜನ ಅದನ್ನು ತಮ್ಮ ತಮ್ಮ ಅಳತೆಗೆ ಕತ್ತರಿಸಿ ಹೊಲಿದುಕೊಂಡಿದ್ದರು. ಸವಣೂರಿನ ಎಲೆಯಂಗಡಿಯವನು ಕಟ್ಟಿನ ಮೇಲೆ ನಾಲ್ಕು ಎಲೆ ಕೊಸರು ಕೇಳಿದವರಿಗೆ “ತಲೆ ಕೊಟ್ಟೇನು, ಕೊಸರು ಕೊಡಲಾರೆ” ಎನ್ನುತ್ತಿದ್ದ. ಯಲವಿಗಿ ಸ್ಟೇಶನ್ನಿನ ಹೊರಗೆ ಚಹಾ ಮಾರುವವನು, ಕಪ್ಪು-ಬಸಿಯ ಸಮೇತ ರೈಲು ಹತ್ತಲು ಓಡಿದ ಗಿರಾಕಿಯ ಕೈ ಹಿಡಿದು “ತಲೆ ಕೊಟ್ಟೇನು, ಬಸಿ ಕೊಡಲಾರೆ” ಎನ್ನುತ್ತಿದ್ದ. ಶಿಗ್ಗಾಂವಿಯ ಅತ್ತೆಯಂದಿರು ಉಗ್ರಾಣದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಸೆಯಂದಿರಿಗೆ ಇದನ್ನೇ ಹೇಳುತ್ತಿದ್ದರು. ಹಿರೇಕೆರೂರಿನ ಒಬ್ಬ ತಂದೆ ನೋಡಲು ಬಂದ ಬೀಗರ ಮುಂದೆ “ತಲೆ ಕೊಟ್ಟೇನು, ಮಗಳನ್ನು ಕೊಡಲಾರೆ” ಎಂದು ಗರ್ಜಿಸಿ, ಊಟವಾದ ಮೇಲೆ ಮಗಳನ್ನು ಕೊಟ್ಟ. ಇಷ್ಟೊಂದು ಜನ ತಲೆ ಕೊಡಲು ತಯಾರಾಗಿ ನಿಂತಿದ್ದರೂ, ಆ ವರ್ಷ ಒಂದಾದರೂ ತಲೆ ಒಬ್ಬರಿಂದ ಇನ್ನೊಬ್ಬರಿಗೆ ಸಂದಾಯವಾದ ದಾಖಲೆ ಸಿಗುವುದಿಲ್ಲ.

ಈ ಮಾತು ಮೊದಲು ಹೊರಬಿದ್ದದ್ದು ಹಿರೇಬೆಂಡಿಗೇರಿಯ ಕರಬಸಪ್ಪನ ಬಾಯಿಂದ. ರಾಜೇಸಾಬ ಎಂಬ ಮಾಲಕನ ಶ್ರೀ ಮುಕ್ಕಣ್ಣೇಶ್ವರ ನಾಟಕ ಮಂಡಳಿಯಲ್ಲಿ ಅವನು ‘ದಳವಾಯಿ ಭೀಮರಸ’ ಎಂಬ ನಾಟಕದ ಭೀಮರಸ. ವೈರಿ ಕೋಟೆ ಹಿಡಿದಿದ್ದಾನೆ. ಊರವರು ನೆಲದೊಳಗೆ ತೋಡಿದ ಹಗೇವುಗಳಲ್ಲಿಯ ಜೋಳವನ್ನೆಲ್ಲ ತೋಡಿ ಒಯ್ಯಲು ಅಪ್ಪಣೆ ಬರೆಸಿದ್ದಾನೆ. ಅದರ ಮೇಲೆ ರಾಜಮುದ್ರೆ ಒತ್ತೆಂದು ಭೀಮರಸನ ಕೊರಳಿಗೆ ಕತ್ತಿ ಹಿಡಿದಿದ್ದಾನೆ. ಭೀಮರಸ ಎಡಗಾಲು ಮುಂದಿಟ್ಟು, ಆ ಮಾತು ಹೇಳಿ, ಮುದ್ರೆಯನ್ನು ಕಂದಕಕ್ಕೆ ಎಸೆದು, ತಲೆ ಕೊಡಲು ಪರದೆಯ ಹಿಂದೆ ಹೋಗುತ್ತಾನೆ. ಕೂಡಲೇ ಜನ ವನ್ಸ್‌ಮೋರ್ ಎಂದು ಕೂಗುತ್ತಾರೆ. ಜನ ವನ್ಸ್‌ಮೋರ್ ಎಂದರೆ ಸತ್ತವನೂ ಎದ್ದು ಬರಬೇಕೆಂಬುದು ಕಂಪನಿ ನಾಟಕದ ಕಟ್ಟಳೆ. ಭೀಮರಸ ಬೆವರು ಒರೆಸಿಕೊಳ್ಳುತ್ತ ಬರುತ್ತಾನೆ, ಕಂದಕದಲ್ಲಿ ಬಿದ್ದ ಮುದ್ರೆಯನ್ನು ಯಾರೋ ಪರದೆಯ ಸಂದಿಯಿಂದ ಅವನ ಕೈಗೆ ಕೊಡುತ್ತಾರೆ, ವೈರಿ ಬೀಡಿ ನಂದಿಸಿ ಮತ್ತೆ ಕತ್ತಿ ಎತ್ತಿಕೊಳ್ಳುತ್ತಾನೆ. ಒಳ್ಳೆಯ ಕ್ಯಾಂಪಿನಲ್ಲಿ ಒಂದೇ ಆಟದೊಳಗೆ ಭೀಮರಸನ ತಲೆ ಹಲವು ಸಲ ಹೋಗಿ ಬರುತ್ತಿತ್ತು.

ಕರಬಸಪ್ಪನಿಗೆ ಹಾಡಲು ಬರುತ್ತಿರಲಿಲ್ಲ. ಉದ್ದನ್ನ ಮಾತು ಕೊಟ್ಟರೆ ನಡುವೆ ದಾರಿ ತಪ್ಪಿ ಬೇರೆ ನಾಟಕದೊಳಗೆ ಹೊಕ್ಕುಬಿಡುತ್ತಿದ್ದ. ಅವನಿಗಿದ್ದ ಆಸ್ತಿ ಈ ಒಂದೇ ಮಾತು. ಅದನ್ನು ಹೇಳಿ ಮುಗಿಸಿ, ವನ್ಸ್‌ಮೋರ್ ಬರುವುದಕ್ಕೆ ಮುಂಚಿನ ಆ ಒಂದು ಗಳಿಗೆಯ ಸದ್ದಿಲ್ಲದ ಹೊತ್ತಿಗಾಗಿ ಅವನು ಬದುಕಿದ್ದ. ಸಂತೆಯಲ್ಲಿ ಕಂಡವರು ಅವನನ್ನು ಕರಬಸಪ್ಪ ಎನ್ನದೆ “ತಲೆ ಕೊಟ್ಟೇನು ಬಂದ” ಎನ್ನುತ್ತಿದ್ದರು. ಅವನು ಓ ಎನ್ನುತ್ತಿದ್ದ.

ಹಿರೇಕೆರೂರಿನ ಕ್ಯಾಂಪು ಮುಗಿಸಿ ಮಂಡಳಿ ಚಕ್ಕಡಿಗಳಲ್ಲಿ ಪರದೆ, ಕಿರೀಟ, ಹಾರ್ಮೋನಿಯಂ ಹೇರಿಕೊಂಡು ಹಾನಗಲ್ಲಿಗೆ ಬಂತು. ಊರ ಹೊರಗಿನ ಬಯಲಿನಲ್ಲಿ ತಂಬು ಎದ್ದಿತು. ಮುಂಗಾರಿನ ಮಿರಗದ ಮಳೆ ಬೀಳುವುದರೊಳಗೆ ಇಲ್ಲಿ ಆಟ ಆಗಲೇಬೇಕಿತ್ತು. ಆಗದಿದ್ದರೆ ಮಂಡಳಿ ಒಡೆಯುತ್ತದೆ, ನಟರು ದಿಕ್ಕಿಗೊಬ್ಬರಾಗುತ್ತಾರೆ, ಕರಬಸಪ್ಪ ಹಿರೇಬೆಂಡಿಗೇರಿಗೆ ಹೋಗಿ ಅಣ್ಣನ ಅಂಗಡಿಯಲ್ಲಿ ಮೆಣಸಿನಕಾಯಿ ತೂಗುತ್ತ ಕೂಡಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಣ್ಣ ಆಗಲೇ ಹೇಳಿ ಕಳಿಸಿದ್ದ: ತಕ್ಕಡಿ ಹಿಡಿಯಲು ತಲೆ ಕೊಡುವುದು ಬೇಕಾಗಿಲ್ಲ, ಬರೇ ಕೈ ಸಾಕು. ಆ ಮಾತು ಕೇಳಿದಂದಿನಿಂದ ಕರಬಸಪ್ಪನಿಗೆ ಮೆಣಸಿನಕಾಯಿಯ ಹೆಸರೆತ್ತಿದರೆ ಸೀನು ಬರುತ್ತಿತ್ತು.

ಆಟಕ್ಕೆ ಪರವಾನಗಿ ಬೇಕು. ಪರವಾನಗಿ ಕೊಡುವ ಕಚೇರಿ ಹಾನಗಲ್ಲಿನಲ್ಲಿಯೇ, ಹಳೆಯ ಹತ್ತಿಯ ಗೋದಾಮೊಂದರಲ್ಲಿತ್ತು. ‘ನಾಟಕ, ಬಯಲಾಟ, ಕುಸ್ತಿ, ಬಾಜಾ, ಮೆರವಣಿಗೆ ಹಾಗೂ ಇತರೆ ಜನಸಂದಣಿಗಳ ಪರವಾನಗಿ ಕಚೇರಿ’ ಎಂದು ಅದರ ಪೂರ್ಣ ಹೆಸರು. ಹಲಗೆ ಸಾಲದೆ ಕೊನೆಯ ಎರಡು ಪದಗಳನ್ನು ಬೇರೆ ಬರೆದು ಪಕ್ಕದ ಬೇವಿನ ಮರಕ್ಕೆ ತೂಗಿಹಾಕಿದ್ದರು. ಸವಣೂರು ಬೇರೆ ಸಂಸ್ಥಾನವಾದ್ದರಿಂದ ಅಲ್ಲಿ ಈ ಕಚೇರಿಯ ಅಧಿಕಾರ ನಡೆಯುತ್ತಿರಲಿಲ್ಲ. ಆದರೂ ಸವಣೂರಿನವರು ಇಲ್ಲಿಯೇ ಅರ್ಜಿ ಹಾಕುತ್ತಿದ್ದರು, ಯಾಕೆಂದರೆ ಇದರ ಪಡಸಾಲೆ ತಂಪಾಗಿತ್ತು.

ಅರ್ಜಿಯ ಮೇಲೆ ಕಟ್ಟಕಡೆಗೆ ಕಚೇರಿಯ ಶಿಕ್ಕೆ, ಅಂದರೆ ಮುದ್ರೆ, ಬೀಳಬೇಕು. ಶಿಕ್ಕೆ ಹೊಡೆಯುವುದು ದ್ಯಾಮಪ್ಪ ಎಂಬ ಕಾರಕೂನನ ಕೆಲಸ. ಅದರ ಹೊರತು ಅವನಿಗೆ ಬೇರೆ ಕೆಲಸವಿರಲಿಲ್ಲ. ವರ್ಷಾನುಗಟ್ಟಲೆ ಹಿತ್ತಾಳೆಯ ಶಿಕ್ಕೆಯನ್ನು ಮಸಿಯಲ್ಲಿ ಅದ್ದಿ, ಎತ್ತಿ, ಕುಕ್ಕಿದರೂ ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥದೇನೂ ನಡೆದಿರಲಿಲ್ಲ. ಮಂಡಳಿ ಹಿರೇಕೆರೂರಿನಲ್ಲಿದ್ದಾಗ ಅಲ್ಲಿಯ ಬೀಗರ ಮನೆಗೆ ಹೋದವನು ‘ದಳವಾಯಿ ಭೀಮರಸ’ ನೋಡಿದ. ಮುದ್ರೆ ಹಿಡಿದ ಕೈಯೊಂದನ್ನು ನೋಡಿ ಸಾವಿರಾರು ಜನ ಅಳುವುದನ್ನು ಕಂಡ. ತಿರುಗಿ ಬಂದ ದ್ಯಾಮಪ್ಪ ಮೊದಲಿನ ದ್ಯಾಮಪ್ಪ ಆಗಿರಲಿಲ್ಲ.

ರಾಜೇಸಾಬ ಮತ್ತು ಕರಬಸಪ್ಪ ಅರ್ಜಿ ಹಿಡಿದು ಹೋದ ದಿನ ಪಡಸಾಲೆಯಲ್ಲಿ ಇನ್ನೂ ಒಂದಷ್ಟು ಅರ್ಜಿದಾರರು ಕುಂತಿದ್ದರು. ಮುಂದಿನ ಸಾಲಿನಲ್ಲಿ ಆಡೂರಿನ ಗುತ್ತೆವ್ವ ಇದ್ದಳು. ಮೊಮ್ಮಗಳ ಮದುವೆಯ ಮೆರವಣಿಗೆಗೆ ಬಾಜಾ ಬಾರಿಸುವ ಪರವಾನಗಿ ಕೇಳಲು, ಬಾಜಾದವರನ್ನೂ ಜತೆಗೆ ಕರಕೊಂಡು ಬಂದಿದ್ದಳು. ದ್ಯಾಮಪ್ಪ ರಾಜೇಸಾಬನ ಅರ್ಜಿಯನ್ನು ಎರಡು ಸಲ ಓದಿದ. ಎಲ್ಲ ಸರಿಯಿದೆ ಎಂದ. ಶಿಕ್ಕೆಯನ್ನು ಮಸಿಯಲ್ಲಿ ಅದ್ದಿದ. ಮೇಲೆತ್ತಿದ. ಅಲ್ಲಿಯೇ ಹಿಡಿದ. ಅವನ ಕಣ್ಣುಗಳು ತುಂಬಿಬಂದವು.

“ತಲೆ ಕೊಟ್ಟೇನು, ಮುದ್ರೆ ಕೊಡಲಾರೆ” ಎಂದ.

ಪಡಸಾಲೆಯಲ್ಲಿ ಗಪ್ಪಾಯಿತು. ಆಮೇಲೆ ಗುತ್ತೆವ್ವ ಚಪ್ಪಾಳೆ ತಟ್ಟಿದಳು. ಯಾರೋ ವನ್ಸ್‌ಮೋರ್ ಎಂದರು. ದ್ಯಾಮಪ್ಪ ಶಿಕ್ಕೆಯನ್ನು ಮತ್ತೆ ಅದ್ದಿ, ಮತ್ತೆ ಎತ್ತಿ, ಅದನ್ನೇ ಮತ್ತೆ ಹೇಳಿದ.

ಇಲ್ಲಿ ಕರಬಸಪ್ಪನಿಂದ ಒಂದು ತಪ್ಪಾಯಿತು. ಬೇರೆ ಯಾರಾದರೂ ಆಗಿದ್ದರೆ ಅರ್ಜಿಯ ಗತಿ ಏನೆಂದು ಕೇಳುತ್ತಿದ್ದರು. ಕರಬಸಪ್ಪನಿಗೆ ತನ್ನ ಮಾತನ್ನು ಇನ್ನೊಬ್ಬರು ಕೆಡಿಸುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ.

“ಕಾರಕೂನ ಸಾಹೇಬ್ರ, ಹಂಗಲ್ರಿ,” ಎಂದು ಮೇಜಿನ ಹತ್ತಿರ ಹೋದ. “ಎಡಗಾಲ ಮುಂದ ಇಡ್ರಿ. ‘ತಲೆ’ ಅಂದ ಮ್ಯಾಲೆ ಒಂದೀಟು ಉಸುರು ಬಿಡ್ರಿ. ಜನಾ ತಮ್ಮ ತಲಿ ಮುಟ್ಟಿ ನೋಡ್ಕೋಬೇಕು, ಅಲ್ಲೀತನಾ ತಡೀರಿ.”

ದ್ಯಾಮಪ್ಪ ಕೃತಜ್ಞತೆಯಿಂದ ಎಡಗಾಲು ಮುಂದಿಟ್ಟ. ಈ ಸಲ ಬಾಜಾದವರೂ ಕಣ್ಣೊರೆಸಿಕೊಂಡರು. ರಾಜೇಸಾಬ ಮತ್ತು ಕರಬಸಪ್ಪ ಬೀದಿಗೆ ಬಂದು ಬೇವಿನ ಮರದ ತನಕ ನಡೆದ ಮೇಲೆ ತಮಗೆ ಪರವಾನಗಿ ಸಿಕ್ಕಿಲ್ಲವೆಂಬುದು ಅವರ ಲಕ್ಷ್ಯಕ್ಕೆ ಬಂತು.

ಮರುದಿನ ಅವರು ಕಚೇರಿಯ ಮುಖ್ಯಾಧಿಕಾರಿ ಹಜರತಅಲಿ ಸಾಹೇಬರನ್ನು ಕಂಡರು. ಸಾಹೇಬರು ಶಾಂತ ಸ್ವಭಾವದವರು. ಪರವಾನಗಿ ಕೊಟ್ಟರೆ ಜನ ಸೇರುತ್ತಾರೆ, ಜನ ಸೇರಿದರೆ ಗದ್ದಲವಾಗುತ್ತದೆ, ಗದ್ದಲವಾದರೆ ವರದಿ ಬರೆಯಬೇಕಾಗುತ್ತದೆ ಎಂಬುದನ್ನು ಅವರು ನೌಕರಿಯ ಮೊದಲ ವರ್ಷದಲ್ಲಿಯೇ ಅರಿತಿದ್ದರು. ಕೊಡದಿದ್ದರೆ ಜನ ಬೈಯುತ್ತಾರೆಂಬ ಒಂದೇ ತೊಂದರೆ ಉಳಿದಿತ್ತು. ನಿನ್ನೆಯ ದಿನ ಪರವಾನಗಿ ಸಿಗದ ಒಬ್ಬರೂ ಬೈಯಲಿಲ್ಲ, ಬದಲಿಗೆ ಚಪ್ಪಾಳೆ ತಟ್ಟಿ ಹೋದರು ಎಂಬ ಸುದ್ದಿಯನ್ನು ಸಾಹೇಬರು ಇನ್ನೊಮ್ಮೆ ಹೇಳಿಸಿ ಕೇಳಿದರು. ವಿಷಯ ಗಂಭೀರವಾಗಿದೆ, ವಿಚಾರಣೆಯಾಗಬೇಕು ಎಂದರು. ವಿಚಾರಣೆ ಆಗುವವರೆಗೆ ಒಂದು ಹುಕುಂ ಹೊರಟಿತು. ಅದನ್ನು ಸಿಪಾಯಿ ಪಡಸಾಲೆಯ ಕಂಬಕ್ಕೆ ಅಂಟಿಸಿದ.

“ಸರ್ವರಿಗೂ ತಿಳಿಸುವುದೇನೆಂದರೆ, ಶಿಕ್ಕೆಯ ಕಾರಕೂನರು ‘ತಲೆ ಕೊಟ್ಟೇನು’ ಇತ್ಯಾದಿ ವಾಕ್ಯದಿಂದ ಅರ್ಜಿಯನ್ನು ನಿರಾಕರಿಸಿದಲ್ಲಿ ಸದರಿ ನಿರಾಕರಣೆಯು ಸಂಪೂರ್ಣ ಕಾಯದೆಶೀರ ಇರುತ್ತದೆ. ವನ್ಸ್‌ಮೋರ್ ಬಂದಲ್ಲಿ ಪುನಃ ನಿರಾಕರಿಸತಕ್ಕದ್ದು, ಆದರೆ ಎಷ್ಟು ಸಲ ನಿರಾಕರಿಸಿದರೂ ಒಂದೇ ನಿರಾಕರಣೆ ಎಂದು ಹಿಡಿಯತಕ್ಕದ್ದು. ಶಿಕ್ಕೆಯ ಬದಲು ಕಾರಕೂನರ ತಲೆಯನ್ನು ಪಡೆಯಲಿಚ್ಛಿಸುವವರು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಸದರಿ ಅರ್ಜಿಯ ಮೇಲೆ ಈ ಕಚೇರಿಯ ಶಿಕ್ಕೆ ಇರತಕ್ಕದ್ದು. ಅರ್ಜಿದಾರರು ಹಸಿದ ಹೊಟ್ಟೆಯಲ್ಲಿ ನಿರಾಕರಣೆ ಕೇಳತಕ್ಕದ್ದಲ್ಲ.”

ಕೊನೆಯ ಕಲಮು ಜನರ ಆರೋಗ್ಯದ ಕಾಳಜಿಯಿಂದ ಬರೆದದ್ದು. ಸಾಹೇಬರ ಭಾವಮೈದುನ ಬಾಬಾಜಾನನು ಅದೇ ವಾರ ಕಚೇರಿಯ ಅಂಗಳದಲ್ಲಿ ಮಿರ್ಚಿ ಭಜಿಯ ಅಂಗಡಿ ಹಾಕಿದ್ದು ಕೇವಲ ಯೋಗಾಯೋಗ.

ವಿಚಾರಣೆಯ ದಿನ ಗೋದಾಮಿನ ಒಳಗೆ ಮೂರು ಕುರ್ಚಿ ಹಾಕಿದ್ದರು. ನಡುವಿನದರಲ್ಲಿ ಸಾಹೇಬರು ಕುಂತರು. ಉಳಿದ ಎರಡನ್ನು ಸಮಿತಿಯ ಗೌರವಕ್ಕಾಗಿ ಖಾಲಿ ಬಿಡಲಾಗಿತ್ತು. ವಾಕ್ಯದ ಅರ್ಥವೇನು, ಮತ್ತು ಸದ್ಯದ ಕಾಲದಲ್ಲಿ ಅದರ ಉಪಯೋಗವೇನು ಎಂಬುದು ವಿಚಾರಣೆಯ ವಿಷಯ. ಮುಗಿಲಲ್ಲಿ ಅಷ್ಟಿಷ್ಟು ಕರಿ ಮೋಡ ಕಾಣಿಸತೊಡಗಿದ್ದವು. ಉದ್ದನ್ನ ಮಾತು ತನಗೆ ಆಗಿಬರುವುದಿಲ್ಲವೆಂದು ಗೊತ್ತಿದ್ದರೂ ಕರಬಸಪ್ಪ ಹಿಂದಿನ ರಾತ್ರಿಯಿಂದ ಕೂಡಿಸಿಟ್ಟಿದ್ದನ್ನೆಲ್ಲ ಹೇಳಿದ.

“ಸಾಹೇಬ್ರ, ಭೀಮರಸ ಜೀವಮಾನೆಲ್ಲಾ ಮುದ್ರಿ ಒತ್ತಿದಾಂವ್ರಿ. ಕೆರಿ ಕಟ್ಟಾಕ ಒತ್ತಿದ, ಬಾಂವಿ ತೋಡಾಕ ಒತ್ತಿದ, ಬಡವರಿಗೆ ಹೊಲಾ ಕೊಡಾಕ ಒತ್ತಿದ. ದಿನಾ ಬೆಳಗಾದ್ರ ಅದ ಕೆಲಸ. ಒಂದ ಸಲ, ಜನರ ಬಾಯಾಗಿನ ಜ್ವಾಳ ಕಸಗೊಳ್ಳೋ ಕಾಗದಕ್ಕ ಮಾತ್ರ ಒತ್ತಂಗಿಲ್ಲ ಅಂದ. ಅದಕ್ಕ ಅದು ನಾಟಕ ಆತ್ರಿ.”

ಸಾಹೇಬರು ತಲೆದೂಗಿದರು. “ಅಂವ ಕೆರಿಗೆ, ಬಾಂವಿಗೆ ಒತ್ತಿದ್ದು ನಾಟಕದಾಗ ಎಲ್ಲೆರೆ ಬರ್ತೈತೇನು?”

“ಇಲ್ರಿ. ಅದು ಮೊದ್ಲ ಆಗಿದ್ದು ರೀ.”

“ಜನಾ ಟಿಕೀಟ ತಗಸಿ ನೋಡಿದ್ದು ಯಾವುದು? ಒತ್ತಿದ್ದೋ, ಒತ್ತಲಾರದ್ದೋ?”

ಕರಬಸಪ್ಪ ಸುಳ್ಳು ಹೇಳುವವನಲ್ಲ. “ಒತ್ತಲಾರದ್ದು ರೀ.”

“ಒತ್ತಿದಾಗ ಯಾವಾಗರೆ ವನ್ಸ್‌ಮೋರ್ ಬಂದೈತೇನು?”

“ಬಂದಿಲ್ರಿ.”

ಸಾಹೇಬರು ದ್ಯಾಮಪ್ಪನನ್ನು ಕರೆಸಿ, ಮಾತಿನ ಮೊದಲ ಅರ್ಧವನ್ನು ಪಾಲಿಸಲು ಅವನು ತಯಾರಿದ್ದಾನೆಯೇ ಎಂದು ಕೇಳಿದರು. ದ್ಯಾಮಪ್ಪ ಎದೆಯ ಮೇಲೆ ಕೈಯಿಟ್ಟು, ತಾನು ಯಾವ ಹೊತ್ತಿನಲ್ಲಿ ಬೇಕಾದರೂ ತಲೆ ಕೊಡಲು ತಯಾರು, ಆದರೆ ಅರ್ಜಿ ರೀತಿಪ್ರಕಾರ ಬರಬೇಕು ಎಂದ. ಇಷ್ಟು ನಿಷ್ಠೆಯ ನೌಕರ ತಮ್ಮ ಕೈಕೆಳಗೆ ಇರುವುದು ಸಾಹೇಬರಿಗೆ ಹೆಮ್ಮೆಯೆನಿಸಿತು. ತೀರ್ಪು ಹೀಗಾಯಿತು: ಭೀಮರಸನು ಶಿಕ್ಕೆ ಹೊಡೆದದ್ದಕ್ಕೆ ಯಾವ ಸಾಕ್ಷಿಯೂ ಇಲ್ಲ, ಹೊಡೆಯದೆ ಇದ್ದದ್ದಕ್ಕೆ ನಾಲ್ಕು ಸೀಮೆಯ ಜನರೇ ಸಾಕ್ಷಿ. ಆದಕಾರಣ ಶಿಕ್ಕೆಯನ್ನು ಹೊಡೆಯದೆ ಕಾಪಾಡುವುದೇ ಸದರಿ ವಾಕ್ಯದ ಅರ್ಥ. ಕರಬಸಪ್ಪ ಎಂಬ ನಟನಿಗೆ ವಾಕ್ಯವನ್ನು ಹೇಳುವ ಅಧಿಕಾರವಿದೆಯೇ ಹೊರತು ಅರ್ಥ ಮಾಡುವ ಅಧಿಕಾರವಿಲ್ಲ. ಅರ್ಥ ಮಾಡಬೇಕೆಂದಿದ್ದರೆ ಅದಕ್ಕೂ ಪರವಾನಗಿ ಪಡೆಯಬೇಕು.

ಅಲ್ಲಿಂದ ಮುಂದೆ ಕಚೇರಿಯ ಕೆಲಸಕಾರ್ಯಗಳು ಬಹಳ ಸುಧಾರಿಸಿದವು. ಮೊದಲು ಅರ್ಜಿದಾರರು ಮಾತ್ರ ಬರುತ್ತಿದ್ದರು. ಈಗ ಅರ್ಜಿ ಇಲ್ಲದವರೂ ಬರತೊಡಗಿದರು. ಆದರೆ ಅರ್ಜಿ ಇಲ್ಲದವರಿಗೆ ಪಡಸಾಲೆಯಲ್ಲಿ ಜಾಗವಿಲ್ಲವೆಂದು ಸಿಪಾಯಿ ಹೇಳಿದ್ದರಿಂದ, ಜನ ಎಂದೂ ನಡೆಸಲಾರದ ಕುಸ್ತಿಗಳಿಗೆ, ಎಲ್ಲಿಯೂ ಹೊರಡದ ಮೆರವಣಿಗೆಗಳಿಗೆ ಅರ್ಜಿ ಬರೆಸಿಕೊಂಡು ಬಂದರು. ಬಂಕಾಪುರದ ಖಾದರಸಾಬ ಎಂಬ ಹಣ್ಣುಹಣ್ಣು ಮುದುಕ ತಾನು ತನ್ನೊಂದಿಗೇ ಕುಸ್ತಿಯಾಡಲು ಪರವಾನಗಿ ಬೇಡಿದ. ದ್ಯಾಮಪ್ಪ ಅದನ್ನೂ ಎರಡು ಸಲ ಓದಿ, ಎಲ್ಲ ಸರಿಯಿದೆ ಎಂದು ಹೇಳಿ, ಶಿಕ್ಕೆ ಎತ್ತಿ, ನಿರಾಕರಿಸಿದ. ಮುದುಕ ಬಹಳ ಸಮಾಧಾನದಿಂದ ಭಜಿ ತಿಂದು ಬಂಕಾಪುರಕ್ಕೆ ನಡೆದ.

ಗುತ್ತೆವ್ವನ ಮೊಮ್ಮಗಳ ಮದುವೆ ಬಾಜಾ ಇಲ್ಲದೆಯೇ ಆಗಿಹೋಯಿತು. ಬಾಜಾದವರು ಪರವಾನಗಿಯ ದಾರಿ ಕಾಯುತ್ತ ಕಚೇರಿಯಲ್ಲಿಯೇ ಇದ್ದುದರಿಂದ ಮದುವೆಯ ಊಟಕ್ಕೂ ಹೋಗಲಾಗಲಿಲ್ಲ. ಮದುವೆಯ ಮರುದಿನವೇ ಗುತ್ತೆವ್ವ ತಿರುಗಿ ಬಂದು ಮುಂದಿನ ಸಾಲಿನ ತನ್ನ ಜಾಗದಲ್ಲಿ ಕುಂತಳು. ಮದುವೆ ಮುಗಿದ ಮೇಲೆ ಬಾಜಾ ಯಾತಕ್ಕೆಂದು ರಾಜೇಸಾಬ ಕೇಳಿದ್ದಕ್ಕೆ ಅವಳು, ಬಾಜಾ ಹಾಳಾಗಲಿ, ಮನೆಯಲ್ಲಿ ತನ್ನ ಮಾತಿಗೆ ಇಲ್ಲ ಎನ್ನುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಇಷ್ಟು ಚಂದಾಗಿ ಇಲ್ಲ ಎನ್ನುವವರು ಒಬ್ಬರೂ ಇಲ್ಲ ಎಂದಳು.

ಒಬ್ಬ ಕಿಡಿಗೇಡಿ ಮಾತ್ರ ಒಂದು ಆಕ್ಷೇಪಣೆ ಎತ್ತಿದ. ಪಡಸಾಲೆಯಲ್ಲಿ ಇಷ್ಟು ಜನ ಸೇರುವುದೂ ಜನಸಂದಣಿಯೇ ಆದ್ದರಿಂದ ಕಚೇರಿಗೂ ಪರವಾನಗಿ ಬೇಡವೇ ಎಂದ. ಸಾಹೇಬರು ಕಾಯದೆಗೆ ಹೆದರುವವರು. ತಾವೇ ತಮ್ಮ ಕಚೇರಿಗೆ ಅರ್ಜಿ ಬರೆದು, ಸಾಲಿನಲ್ಲಿ ನಿಂತು, ದ್ಯಾಮಪ್ಪನ ಮುಂದಿಟ್ಟರು. ದ್ಯಾಮಪ್ಪ ಎಡಗಾಲು ಮುಂದಿಟ್ಟ. ಅಂದಿನಿಂದ ಕಚೇರಿ ಪರವಾನಗಿ ಇಲ್ಲದೆ ನಡೆಯುತ್ತಿದೆ. ಹಾಗೆ ನಡೆಯಬಾರದೆಂದು ಯಾವ ಕಾಯದೆಯಲ್ಲಿಯೂ ಹೇಳಿಲ್ಲ, ಏಕೆಂದರೆ ಹಾಗೆ ನಡೆಯುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಈ ನಡುವೆ ಬಯಲಿನಲ್ಲಿ ತಂಬು ಖಾಲಿ ನಿಂತಿತ್ತು. ರಾಜಸಭೆಯ ಪರದೆಯ ಬುಡಕ್ಕೆ ಗೆದ್ದಲು ಹತ್ತಿತು. ಹಾಸ್ಯಗಾರ ಒಂದು ದಿನ ಹೇಳದೆ ಕೇಳದೆ ಊರಿಗೆ ಹೋದ. ವೈರಿಯ ಪಾರ್ಟಿನವನು ಬಾಬಾಜಾನನ ಅಂಗಡಿಯಲ್ಲಿ ಭಜಿ ಕರಿಯಲು ನಿಂತ. ಕರಬಸಪ್ಪ ದಿನಾಲು ಮಾಲಕನ ಜತೆ ಹೊಸ ಅರ್ಜಿ ಹಿಡಿದು ಕಚೇರಿಗೆ ಹೋಗುತ್ತಿದ್ದ. ತನ್ನ ಮಾತಿಗೆ ಬೇರೊಬ್ಬನಿಗೆ ಚಪ್ಪಾಳೆ ಬೀಳುವುದನ್ನು ನಿಂತುಕೊಂಡು ಕೇಳುತ್ತಿದ್ದ. ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಪರವಾನಗಿ ಸಿಗದ ದುಃಖ ಒಂದು ಪಾಲಾದರೆ, ದ್ಯಾಮಪ್ಪ ‘ಕೊಡಲಾರೆ’ಯನ್ನು ಎಳೆಯುವ ರೀತಿಯ ದುಃಖ ಎರಡು ಪಾಲು. ಇದನ್ನು ಅವನು ರಾಜೇಸಾಬನಿಗೆ ಹೇಳಿರಲಿಲ್ಲ.

ಅತಿಯಾಗಿ ನಿರಾಕರಿಸಿ ದ್ಯಾಮಪ್ಪನ ಗಂಟಲು ಕಟ್ಟಿತು. ಮೊದಲು ಗೊಗ್ಗರಾಯಿತು, ಆಮೇಲೆ ಬರೀ ಗಾಳಿ ಬರತೊಡಗಿತು. ಹಿಂದಿನ ಸಾಲಿನವರಿಗೆ ನಿರಾಕರಣೆ ಕೇಳಿಸುತ್ತಿಲ್ಲವೆಂದು ಗುಲ್ಲೆದ್ದಿತು. ಇಷ್ಟು ದಿನ ಪರವಾನಗಿ ಸಿಗಲಿಲ್ಲವೆಂದು ಒಬ್ಬರೂ ತಕರಾರು ಮಾಡಿರಲಿಲ್ಲ. ಈಗ ನಾಲ್ಕೂ ಸೀಮೆಯವರು ಸಹಿ ಹೆಬ್ಬೆಟ್ಟು ಹಾಕಿ ಮನವಿ ಕೊಟ್ಟರು. ದೂರದಿಂದ ಬುತ್ತಿ ಕಟ್ಟಿಕೊಂಡು ಬರುವ ಬಡ ರಯತರಿಗೆ ಸ್ಪಷ್ಟವಾದ ನಿರಾಕರಣೆ ಸಿಗದೆ ಅನ್ಯಾಯವಾಗುತ್ತಿದೆ, ಸರಕಾರ ದಯಮಾಡಿ ಲಕ್ಷ್ಯ ಕೊಡಬೇಕು ಎಂದು ಅದರಲ್ಲಿತ್ತು.

ಸಾಹೇಬರು ಮನವಿ ಓದಿ ಕರಬಸಪ್ಪನನ್ನು ಕರೆಸಿದರು. ದ್ಯಾಮಪ್ಪನಿಗೆ ರಜೆ ಕೊಡಲಾಗಿದೆ, ಅವನು ಬರುವ ತನಕ ಹಂಗಾಮಿ ಶಿಕ್ಕೆಯ ಕಾರಕೂನನಾಗಿ ನೀನು ಕೂಡಬೇಕು ಎಂದರು. ಕರಬಸಪ್ಪನಿಗೆ ತನ್ನ ಕಿವಿಗಳನ್ನೇ ನಂಬಲಾಗಲಿಲ್ಲ. ತಂಬಿನ ಕಡೆ ಓಡಿಬಂದು ರಾಜೇಸಾಬನಿಗೆ ಹೇಳಿದ. ರಾಜೇಸಾಬ ಹಾರ್ಮೋನಿಯಮ್ಮಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಆಮೇಲೆ ಇಬ್ಬರೂ ಕೂತು ವಿಚಾರ ಮಾಡಿದರು. ನಾಳೆ ಮೊದಲ ಅರ್ಜಿ ಮಂಡಳಿಯದು. ಕರಬಸಪ್ಪ ಓದಬೇಕು, ಎಲ್ಲ ಸರಿಯಿದೆ ಎನ್ನಬೇಕು, ತುಟಿ ಪಿಟ್ಟೆನ್ನದೆ ಶಿಕ್ಕೆ ಹೊಡೆಯಬೇಕು. ಶಿಕ್ಕೆ ಬಿದ್ದರೆ ಅದನ್ನು ಒರೆಸುವ ಕಲಮು ಇಲ್ಲ. ಮಿರಗಕ್ಕೆ ಇನ್ನೂ ಕೆಲ ದಿನ ಇವೆ, ಅಷ್ಟರಲ್ಲಿ ನಾಲ್ಕಾರು ಆಟ ಹೊಡೆದರೆ ಮಂಡಳಿ ಉಳಿಯುತ್ತದೆ.

“ನೋಡಪಾ ಕರಬಸಣ್ಣ, ಬಾಯಿ ಮಾತ್ರ ತೆಗೀಬ್ಯಾಡ,” ಎಂದ ರಾಜೇಸಾಬ.

“ಮಾಲಕರ, ನನ್ನ ಅನ್ನಾ ಐತ್ರಿ ಇದರಾಗ. ತೆಗೀತೇನೇನ್ರಿ?” ಎಂದ ಕರಬಸಪ್ಪ. ಅವನು ಆಡಿದ್ದು ಮನಸ್ಸಿನ ಆಳದಿಂದ.

ಮರುದಿನ ಖುದ್ದು ಭೀಮರಸನೇ ನಿರಾಕರಿಸುತ್ತಾನೆಂಬ ಸುದ್ದಿಗೆ ಹಾನಗಲ್ಲಿನಲ್ಲಿ ಚಕ್ಕಡಿ ಬಿಡಲು ಜಾಗವಿರಲಿಲ್ಲ. ಪಡಸಾಲೆ ತುಂಬಿ, ಅಂಗಳ ತುಂಬಿ, ಬೇವಿನ ಮರದ ಮೇಲೂ ಜನ ಹತ್ತಿದ್ದರು. ಹೆಂಗಸರ ಕಡೆಗೆ ಬೇರೆ ಹಗ್ಗ ಕಟ್ಟಿದ್ದರು. ಕರಬಸಪ್ಪ ಮುಖಕ್ಕೆ ಬಣ್ಣವಿಲ್ಲದೆ, ಸೊಂಟಕ್ಕೆ ಕತ್ತಿಯಿಲ್ಲದೆ, ಮಾಸಿದ ಕೋಟು ಹಾಕಿಕೊಂಡು ಮೇಜಿನ ಹಿಂದೆ ನಿಂತ. ರಾಜೇಸಾಬ ಮೊದಲ ಅರ್ಜಿ ಇಟ್ಟ. ಕರಬಸಪ್ಪ ಎರಡು ಸಲ ಓದಿದ. ಎಲ್ಲ ಸರಿಯಿದೆ ಎಂದ. ಶಿಕ್ಕೆಯನ್ನು ಮಸಿಯಲ್ಲಿ ಅದ್ದಿದ. ಕುಕ್ಕುವುದಕ್ಕೆಂದೇ ಮೇಲೆತ್ತಿದ.

ಎತ್ತಿದ ಕೂಡಲೇ ಜನರ ಸದ್ದು ನಿಂತಿತು. ಎಣ್ಣೆ ಚುರುಗುಡುತ್ತಿದ್ದ ಬಾಬಾಜಾನನ ಬಾಣಲೆಯನ್ನು ಯಾರೋ ಒಲೆಯಿಂದ ಇಳಿಸಿದರು. ಕರಬಸಪ್ಪ ತಲೆಯೆತ್ತಿ ನೋಡಿದ. ತಂಬಿನಲ್ಲಿ ಗ್ಯಾಸಬತ್ತಿಯ ಬೆಳಕಿಗೆ ಅವನಿಗೆ ಮುಂದಿನ ಎರಡು ಸಾಲಿನ ಆಚೆ ಯಾರೂ ಕಾಣುತ್ತಿರಲಿಲ್ಲ. ಇಲ್ಲಿ ಹಾಡುಹಗಲು. ಸವಣೂರಿನ ಎಲೆಯವನು, ಯಲವಿಗಿಯ ಚ‌ಹಾದವನು, ಶಿಗ್ಗಾಂವಿಯ ಅತ್ತೆಯಂದಿರು, ಒಬ್ಬೊಬ್ಬರ ಮುಖವೂ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಗುತ್ತೆವ್ವ ಸೆರಗನ್ನು ಆಗಲೇ ಕಣ್ಣಿನ ಹತ್ತಿರ ಒಯ್ದಿದ್ದಳು. ಇಷ್ಟು ಜನ ಅವನ ಕೈಯನ್ನು ನೋಡುತ್ತ ಉಸಿರು ಹಿಡಿದು ಕೂತದ್ದು ಅವನ ಇಡೀ ಬಾಳಿನಲ್ಲಿ ಇದೇ ಮೊದಲು. ಶಿಕ್ಕೆ ಕುಕ್ಕಿದರೆ ಒಂದು ಟಪ್ ಎಂಬ ಸದ್ದಾಗುತ್ತದೆ, ಅಷ್ಟೇ. ಆ ಟಪ್‌ಗೆ ಯಾವ ಊರಿನಲ್ಲಿಯೂ ವನ್ಸ್‌ಮೋರ್ ಬಂದದ್ದಿಲ್ಲ.

ಅವನು ಮೆಣಸಿನಕಾಯಿಯನ್ನು ನೆನೆದ. ತಕ್ಕಡಿಯನ್ನು ನೆನೆದ. ಕೈಯನ್ನು ಇಳಿಸಲು ನಿಜವಾಗಿಯೂ ಪ್ರಯತ್ನಿಸಿದ. ಆದರೆ ಅಷ್ಟರಲ್ಲಿ ಎಡಗಾಲು ತಾನಾಗಿ ಮುಂದೆ ಹೋಗಿತ್ತು.

“ತಲೆ…” ಎಂದ. ಉಸಿರು ಬಿಟ್ಟ. ಅಂಗಳದಲ್ಲಿ ಕೈಗಳು ತಲೆಯ ರುಮಾಲುಗಳ ಕಡೆಗೆ ಹೋದವು. “…ಕೊಟ್ಟೇನು. ಮುದ್ರೆ ಕೊಡಲಾರೆ.”

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ವನ್ಸ್‌ಮೋರ್ ಎಂದು ಒಂದು ದನಿ ಎದ್ದಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಎದ್ದ ಆ ದನಿ ರಾಜೇಸಾಬನದು. ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅದು ಮಂಡಳಿ ಹೋದದ್ದಕ್ಕೋ ಮಾತು ಬಂದ ರೀತಿಗೋ ಎಂದು ಅವನಿಗೂ ತಿಳಿಯಲಿಲ್ಲ. ಕರಬಸಪ್ಪ ಶಿಕ್ಕೆಯನ್ನು ಮತ್ತೆ ಮಸಿಯಲ್ಲಿ ಅದ್ದಿದ.

ಸಂಜೆ ಕಚೇರಿ ಖಾಲಿಯಾದ ಮೇಲೆ ಇಬ್ಬರೂ ಪಡಸಾಲೆಯ ಕಟ್ಟೆಯ ಮೇಲೆ ಕುಂತರು. ಕರಬಸಪ್ಪ ನೆಲ ನೋಡುತ್ತ, “ಹೊಡೀಬೇಕಂತನ ಎತ್ತಿದ್ನಿರಿ ಮಾಲಕರ,” ಎಂದ. ರಾಜೇಸಾಬ ಅವನ ಬೆನ್ನ ಮೇಲೆ ಕೈಯಿಟ್ಟ.

“ನಂಗೊತ್ತೈತಿ. ಆದ್ರ ಕರಬಸಣ್ಣ, ಇಷ್ಟು ದಿನದಾಗ ಇವತ್ತ ಬಂದಂಗ ಎಂದೂ ಬಂದಿದ್ದಿಲ್ಲ ಬಿಡು.”

ಕರಬಸಪ್ಪನ ಹಂಗಾಮಿ ನೌಕರಿಯನ್ನು ಸಾಹೇಬರು ಆ ವಾರವೇ ಕಾಯಂ ಮಾಡಿದರು. ದ್ಯಾಮಪ್ಪ ಗಂಟಲು ಸರಿಯಾಗಿ ತಿರುಗಿ ಬಂದಾಗ ಅವನನ್ನು ಅರ್ಜಿಗಳನ್ನು ಎರಡು ಸಲ ಓದುವ ಕೆಲಸಕ್ಕೆ ಹಾಕಲಾಯಿತು. ಅವನು ಬೇಸರಪಡಲಿಲ್ಲ. ಒಳ್ಳೆಯ ನಟನ ಹತ್ತಿರ ನಿಲ್ಲುವುದೂ ಭಾಗ್ಯವೇ ಎಂದ. ವರ್ಷದ ಕೊನೆಗೆ ಕಚೇರಿ ಮೇಲಿನವರಿಗೆ ಕಳಿಸಿದ ವರದಿಯಲ್ಲಿ, ಪ್ರಸಕ್ತ ಸಾಲಿನಲ್ಲಿ ಈ ಸೀಮೆಗಳ ಯಾವ ನಾಟಕದಲ್ಲಿಯೂ, ಯಾವ ಕುಸ್ತಿಯಲ್ಲಿಯೂ, ಯಾವ ಮೆರವಣಿಗೆಯಲ್ಲಿಯೂ ಒಂದೂ ಗದ್ದಲ ನಡೆದಿರುವುದಿಲ್ಲ ಎಂದಿತ್ತು. ಮೇಲಿನವರು ಮೆಚ್ಚಿಗೆಯ ಪತ್ರ ಕಳಿಸಿದರು.

ಈ ನಡುವೆ ಮಿರಗ ತನ್ನ ಹೊತ್ತಿಗೆ ಬಂದು ತಂಬನ್ನು ಕೆಡವಿತ್ತು. ಮಂಡಳಿ ಒಡೆಯಿತು. ಪರದೆಗಳನ್ನು ಸವಣೂರಿನವರು ಎಲೆಯ ಪೆಂಡಿಗಳಿಗೆ ಹೊದಿಸಲು ಒಯ್ದರು. ರಾಜೇಸಾಬನಿಗೆ ಈಗ ನಟರಿಲ್ಲ, ತಂಬಿಲ್ಲ, ಆಡಲು ಆಟವಿಲ್ಲ. ಆದರೂ ಅವನು ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಕೋಟು ಹಾಕಿಕೊಂಡು, ‘ದಳವಾಯಿ ಭೀಮರಸ’ ಆಡಲು ಪರವಾನಗಿ ಕೇಳುವ ಹೊಸ ಅರ್ಜಿ ಬರೆದುಕೊಂಡು ಕಚೇರಿಗೆ ಬರುತ್ತಾನೆ. ಬೇರೆ ಅರ್ಜಿಗಳಿಗೆ ಕರಬಸಪ್ಪನ ಮಾತು ಅಷ್ಟು ಏರುವುದಿಲ್ಲ ಎಂಬುದನ್ನು ಜನರೂ ಕಂಡುಕೊಂಡಿದ್ದಾರೆ, ಸಾಹೇಬರೂ ಒಪ್ಪಿದ್ದಾರೆ. ಹೀಗಾಗಿ ಮೊದಲ ಅರ್ಜಿಯ ಜಾಗವನ್ನು ಅವನಿಗೇ ಕಾಯಂ ಬಿಟ್ಟುಕೊಟ್ಟಿದ್ದಾರೆ. ದ್ಯಾಮಪ್ಪ ಅದನ್ನು ಎರಡು ಸಲ ಓದುತ್ತಾನೆ. ಅದು ಎಲ್ಲ ರೀತಿಯಿಂದಲೂ ಸರಿಯಾಗಿರುತ್ತದೆ.